ಕುರ್ಚಿಯ ಹಿಂದಿನ ದನಿ

ಸುಮ್ಮನಿರುವುದನ್ನೂ ಒಬ್ಬರು ಕಲಿಸಿಕೊಡಬೇಕಾಗುತ್ತದೆ ಎಂದು ಅವನಿಗೆ ಐವತ್ತಮೂರು ತುಂಬುವವರೆಗೆ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಕುತ್ತಿಗೆಯ ಗುಂಡಿ ಹಾಕಿಕೊಳ್ಳುತ್ತ, 'ಹಾಗಾದ್ರೆ ಇದನ್ನ ಹಾಕ್ಕೊಂಡೇ ಮನೆಗೆ ಹೋಗ್ತೀರಾ?' ಎಂದು ಕನ್ನಡಿಯೊಳಗಿನ ಮುಖವನ್ನು ಕೇಳಿದ. ಕೇಳಿ, ತುಟಿ ಬಿಗಿಹಿಡಿದು, ಮನಸ್ಸಿನಲ್ಲೇ ಎಣಿಸತೊಡಗಿದ. ಇಪ್ಪತ್ತರವರೆಗೆ ಎಣಿಸಬೇಕು, ಅಷ್ಟರೊಳಗೆ ಗಿರಾಕಿಯೇ ಮಾತಾಡುತ್ತಾನೆ, ಮೊದಲು ಬಾಯಿ ಬಿಟ್ಟವನು ಸೋತ ಹಾಗೆ ಎಂದು ಅಂಗಡಿಯ ತರಬೇತಿಯ ಮಿಸ್ ಹೇಳಿಕೊಟ್ಟಿದ್ದಳು. ಕನ್ನಡಿಯೊಳಗಿನವನೂ ಬಾಯಿ ಬಿಡಲಿಲ್ಲ. ಎಣಿಕೆ ಒಂಬತ್ತಕ್ಕೆ ಬಂದಾಗ ಅಡುಗೆಮನೆಯಿಂದ ಹೆಂಡತಿ, 'ಯಾರ ಹತ್ರ ಮಾತಾಡ್ತಿದೀರಿ?' ಎಂದಳು. 'ಯಾರ ಹತ್ರನೂ ಇಲ್ಲ' ಎಂದ. ಸೋತ.

ಇವತ್ತು ಹದಿನೈದನೆಯ ದಿನ. ಹದಿನೈದು ದಿನದ ಹಿಂದೆ ಅವನು ಕಿವಿಯಂತ್ರ ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಗೆ ಮುಖ ಮಾಡಿ, ಕೆಟ್ಟುಹೋದ ಯಂತ್ರಗಳನ್ನು ಬಿಚ್ಚಿಟ್ಟುಕೊಂಡು ಕೂತಿರುತ್ತಿದ್ದ. ಇಪ್ಪತ್ತೇಳು ವರ್ಷ ಹಾಗೆಯೇ ಕೂತಿದ್ದ. ಕೈಯಲ್ಲಿ ಸದಾ ಒಂದು ಸಣ್ಣ ಇಕ್ಕಳ ಇರುತ್ತಿದ್ದುದರಿಂದ ಅವನಿಗೂ ಅದೇ ಹೆಸರು ಬಿದ್ದುಹೋಯಿತು. ಇಕ್ಕಳ ಎಲ್ಲಿ, ಇಕ್ಕಳಕ್ಕೆ ಕಾಫಿ ಕೊಟ್ಟಿರಾ, ಇಕ್ಕಳದ ಹತ್ರ ಕೇಳಿ. ಅವನಿಗೆ ಬೇಸರವಾಗುತ್ತಿರಲಿಲ್ಲ. ಒಂದು ಕೆಲಸದ ಹೆಸರಿನಲ್ಲಿ ಕರೆಸಿಕೊಳ್ಳುವುದು ದೇವರು ಮನುಷ್ಯನಿಗೆ ಮಾಡಿಕೊಟ್ಟ ಅನುಕೂಲ ಎಂದುಕೊಂಡಿದ್ದ. ಆದರೆ ಈಗ ಬರುವ ಯಂತ್ರಗಳನ್ನು ಬಿಚ್ಚುವಂತಿಲ್ಲ. ಕೆಟ್ಟರೆ ಎಸೆದು ಬೇರೆಯದು ಕೊಡುವುದು. ಒಂದು ಬೆಳಗ್ಗೆ ಹೋಗಿ ನೋಡಿದರೆ ಅವನ ಮೇಜು ಓಣಿಯಲ್ಲಿ ಕಾಲು ಮೇಲೆ ಮಾಡಿಕೊಂಡು ನಿಂತಿತ್ತು. ಅಂಗಡಿಯ ಯಜಮಾನ ಹೆಗಲ ಮೇಲೆ ಕೈಯಿಟ್ಟು, ಮುಂದಿನ ಕೋಣೆಗೆ ಬನ್ನಿ, ಮಾರೋದು ಕಲೀರಿ, ಹದಿನೈದು ದಿನದಲ್ಲಿ ಯಾರ ಸಹಾಯವೂ ಇಲ್ಲದೆ ಒಂದೇ ಒಂದು ಮಾರಿ ತೋರಿಸಿ, ಆಗಲಿಲ್ಲ ಅಂದ್ರೆ ಪಾಪ ನೀವಾದರೂ ಎಷ್ಟು ಅಂತ ಕಷ್ಟಪಡ್ತೀರಿ, ಮನೇಲಿ ಆರಾಮಾಗಿರಿ ಎಂದ. ಅಷ್ಟು ಮೃದುವಾಗಿ ಹೇಳಿದ್ದರಿಂದ ಸಿಟ್ಟು ಮಾಡಿಕೊಳ್ಳಲೂ ಜಾಗವಿರಲಿಲ್ಲ.

ಮನೆಯಲ್ಲಿ ಆರಾಮಾಗಿರುವುದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವನು ಆ ಆರಾಮನ್ನು ನೆನೆದ. ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕಿಟಕಿಯ ಕಡೆಗೆ ನೋಡುತ್ತಿರುವ ಒಂದು ಬೆತ್ತದ ಕುರ್ಚಿ. ಅಮ್ಮ ಹೋಗಿ ಮೂರು ವರ್ಷವಾದರೂ ಅದನ್ನು ಯಾರೂ ತಿರುಗಿಸಿಲ್ಲ. ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಬರುವವನಿಗೆ ಒಂದು ಕುರ್ಚಿಯನ್ನು ಬಳಸಿಕೊಂಡು ಹೋಗುವುದು ಕಷ್ಟವಲ್ಲ. ದಿನವಿಡೀ ಅದರ ಜೊತೆ ಕೂತಿರಬೇಕೆಂದರೆ? ಮಗಳ ಓದು ಇನ್ನೂ ಎರಡು ವರ್ಷ ಇದೆ ಎಂದು ಹೆಂಡತಿ ಹೇಳಿದಾಗ ಅವನು ತಲೆಯಾಡಿಸಿದ್ದ. ಅದೂ ನಿಜವೇ. ಆದರೆ ಒಳಗೆ ಹೆದರಿದ್ದು ಆ ಕುರ್ಚಿಗೆ.

ಮಾರುವುದನ್ನು ಕಲಿಸಲು ಬಂದ ಮಿಸ್‌ಗೆ ಅವನಿಗಿಂತ ಇಪ್ಪತ್ತೆರಡು ವರ್ಷ ಕಡಿಮೆ. ಚೂಪಾದ ಮೂಗು, ಚುರುಕು ಕಣ್ಣು. ಕೆಟ್ಟವಳೇನಲ್ಲ. ಮೊದಲ ದಿನ ತಾನೇ ಗಿರಾಕಿಯಾಗಿ ಎದುರು ಕೂತು, 'ನನಗೆ ಕಿವಿ ಮಂದ, ನೀವೀಗ ಮಾರಿ' ಎಂದಳು. ಅವನು ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ಶ್ರದ್ಧೆಯಿಂದ ಶುರುಮಾಡಿದ. ಇಲ್ಲಿ ತೇವ ಸೇರುತ್ತದೆ, ಇಲ್ಲಿ ಕಿವಿಯ ಗುಗ್ಗೆ ಕಟ್ಟುತ್ತದೆ, ಸರಿಯಾಗಿ ಕೂರದಿದ್ದರೆ ಸಿಳ್ಳೆ ಹಾಕುತ್ತದೆ, ಮೊದಲು ಸೋಲುವುದು ಈ ತಂತಿ. ಮಿಸ್ ಕೈಯೆತ್ತಿ ನಿಲ್ಲಿಸಿದಳು. 'ಸರ್, ನೀವು ಮಾರ್ತಿಲ್ಲ. ಮರಣೋತ್ತರ ವರದಿ ಓದ್ತಿದೀರಿ.' ಹಿಂದೆ ನಿಂತಿದ್ದವರು ನಕ್ಕರು. ಅವನೂ ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಒದ್ದೆಯಾಗದ ಕೈಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದ.

ಕಲಿಯಬೇಕಾದ್ದು ಬಹಳವೇನಿರಲಿಲ್ಲ. ಹೇಳಬೇಡಿ, ಕೇಳಿ. ಅವರ ಮಾತು ಮುಗಿಯುವವರೆಗೆ ನಿಮ್ಮದನ್ನು ಶುರುಮಾಡಬೇಡಿ. ಯಂತ್ರ ಕಿವಿಗೆ ಹೋಗುವವರೆಗೆ ಅದರ ಗುಣಗಾನ ಬೇಡ. ಹೋದ ಮೇಲಂತೂ ಬೇಡವೇ ಬೇಡ. ಆಗ ಜೊತೆಯಲ್ಲಿ ಬಂದವರನ್ನು, ಹೆಂಡತಿಯೋ ಮಗನೋ ಮೊಮ್ಮಗಳೋ, ಕುರ್ಚಿಯ ಹಿಂದೆ ನಿಲ್ಲಿಸಿ. ತುಟಿ ಕಾಣಿಸಬಾರದು. ಹಿಂದಿನಿಂದ ಒಂದು ಮಾತು ಆಡಲಿ, ಏನಾದರೂ ಸರಿ. 'ಮಾರೋದು ನೀವಲ್ಲ ಸರ್, ಆ ದನಿ' ಎಂದಿದ್ದಳು ಮಿಸ್. ಕೊನೆಗೆ, ಹಾಕಿಕೊಂಡೇ ಹೋಗ್ತೀರಾ ಎಂದು ಕೇಳಿ ಬಾಯಿಗೆ ಬೀಗ. ಮತ್ತೊಂದು ಮಾತನ್ನು ಅವಳು ಎರಡು ಮೂರು ಸಲ ಹೇಳಿದ್ದಳು: ಯಂತ್ರದ ಡಬ್ಬಿ ಮೇಜಿನ ಮೇಲೆ ಇರಬಾರದು, ವ್ಯಾಪಾರ ಮುಗಿಯುವವರೆಗೆ ಮೇಜಿನ ಖಾನೆಯಿಂದ ಹೊರಗೆ ಬರಬಾರದು. 'ಡಬ್ಬಿ ಕಂಡರೆ ಮನಸ್ಸಿಗೇನು ಬರುತ್ತೆ? ಓ, ಇದನ್ನ ತೆಗೆದಿಡಬಹುದು ಅಂತ. ತೆಗೆದಿಡೋ ವಸ್ತು ಯಾರಿಗೆ ಬೇಕು? ಕಣ್ಣನ್ನ ಯಾರಾದ್ರೂ ಡಬ್ಬೀಲಿ ಇಡ್ತಾರಾ?' ಎಲ್ಲರೂ ಬರೆದುಕೊಂಡರು. ಅವನೂ ಬರೆದುಕೊಂಡ. ಬರೆಯುವಾಗ ಡಬ್ಬಿ ಎಂಬ ಪದದ ಮೇಲೆ ಅವನ ಪೆನ್ನು ಎರಡು ಸಲ ಓಡಿತು.

ಅಮ್ಮನ ಯಂತ್ರದ್ದೂ ಅಂಥದೇ ಡಬ್ಬಿ. ಬೂದುಬಣ್ಣ, ಹೆಬ್ಬೆರಳಷ್ಟು, ಮುಚ್ಚಳ ಕೂತಾಗ ಟಿಕ್ ಎನ್ನುವಂಥದು. ಆ ಯಂತ್ರ ಒಂದು ವರ್ಷ ಅವನ ರಿಪೇರಿ ಮೇಜಿನ ಮೇಲೆಯೇ ಬಿದ್ದಿತ್ತು. ಊರಿನವರ ಕಿವಿಗಳಿಗೆಲ್ಲ ಅವಸರ, ಅಮ್ಮನದಕ್ಕೆ ನಾಳೆ ನೋಡಿದರಾಯಿತು. ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದ. ಅರ್ಧ ಗಂಟೆಯ ಕೆಲಸ. ನಿಜವೇನೆಂದರೆ ಅಮ್ಮನಿಗೆ ಕೇಳಿಸದಿರುವುದು ಅವನಿಗೆ ಒಗ್ಗಿಹೋಗಿತ್ತು. ಸಂಜೆ ಬಂದು, ಅವಳ ಬೆನ್ನ ಹಿಂದೆ ಅಂಗಿ ಬಿಚ್ಚುತ್ತ, ದಿನದ ಎಲ್ಲವನ್ನೂ ಗೊಣಗಿಬಿಡುತ್ತಿದ್ದ. ಯಜಮಾನನನ್ನು, ಬಸ್ಸನ್ನು, ಸೊಂಟದ ನೋವನ್ನು, ಒಮ್ಮೊಮ್ಮೆ ಅವಳನ್ನೂ. ಅವಳು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದಳು. ಅವಳ ಬಿಳಿ ತುರುಬಿಗೆ ಹೇಳಿ ಮುಗಿಸಿದರೆ ಮೈ ಹಗುರಾಗುತ್ತಿತ್ತು. ಕೊನೆಗೊಂದು ಭಾನುವಾರ ರಿಪೇರಿ ಮಾಡಿ ತಂದು ಅವಳ ಕೈಗೆ ಕೊಟ್ಟ. ಕೊಟ್ಟವನು ಮುಖ ತೊಳೆಯಲು ಹೋದ. ಟವಲು ಹುಡುಕುತ್ತ ಬಂದು ಕುರ್ಚಿಯ ಹಿಂದೆ ನಿಂತಾಗ ಅಭ್ಯಾಸದ ಬಾಯಿ ಅಭ್ಯಾಸದಂತೆ ಆಡಿತು: ಇನ್ನೆಷ್ಟು ವರ್ಷ ಹೀಗೆ ಕಿರುಚಿಕೊಂಡಿರಬೇಕೋ, ದೇವರು ಕರೆಸಿಕೊಳ್ಳಬಾರದಾ. ಆಗ ಟಿಕ್ ಎಂದಿತು. ಅಥವಾ ಮೊದಲೇ ಎಂದಿತ್ತೋ. ಮುಂದೆ ಬಂದು ನೋಡಿದರೆ ಯಂತ್ರ ಡಬ್ಬಿಯೊಳಗೆ, ಡಬ್ಬಿ ಅವಳ ಮಡಿಲಲ್ಲಿ. ಮುಖ ಎಂದಿನ ಮುಖ. 'ಏನಂದೆ?' ಎಂದು ಕೇಳಿದಳು. 'ಏನಿಲ್ಲ' ಎಂದು ಕೈಯಾಡಿಸಿದ.

ಆಮೇಲೆ ಎರಡು ವರ್ಷ ಬದುಕಿದ್ದಳು. ಆ ಎರಡು ವರ್ಷ ಪ್ರತಿ ಸಂಜೆ ಅವನು ಚಿಲಕ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಕುರ್ಚಿಯ ಕಡೆಯಿಂದ ಟಿಕ್. ಹಗಲೆಲ್ಲ ಹಾಕಿಕೊಂಡಿರುತ್ತಾರೆ, ಅತ್ತೆಗೆ ಹಕ್ಕಿ ಕೂಗಿದ್ದೂ ಕೇಳಿಸುತ್ತೆ ಎಂದು ಹೆಂಡತಿ ಹೇಳುತ್ತಿದ್ದಳು. ಬ್ಯಾಟರಿಯ ಪೊಟ್ಟಣಗಳು ಖಾಲಿಯಾಗುತ್ತಲೇ ಇದ್ದವು. ಅವನು ಬಂದಾಗ ಮಾತ್ರ ತೆಗೆದಿಡುವುದು. ನಿನ್ನ ದನಿ ನನಗೆ ಬೇಡ ಎಂದು ದಿನಕ್ಕೊಂದು ಸಲ ಹೇಳಿದ ಹಾಗೆ. ಅವನು ಆಮೇಲೆ ಆ ಕೋಣೆಯಲ್ಲಿ ತುಟಿ ಬಿಚ್ಚಲಿಲ್ಲ. ಕುರ್ಚಿಯ ಹಿಂದೆ ಕಳ್ಳನ ಹಾಗೆ ಅಂಗಿ ಬಿಚ್ಚಿ, ಕಳ್ಳನ ಹಾಗೆ ಒಳಗೆ ಹೋಗುತ್ತಿದ್ದ. ಅವತ್ತು ಕೇಳಿಸಿತಾ ಅಮ್ಮಾ ಎಂದು ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಅವಳೂ ಎತ್ತಲಿಲ್ಲ. ಮೊದಲು ಬಾಯಿ ಬಿಟ್ಟವರು ಸೋತ ಹಾಗೆ ಎಂದು ಆಗ ಯಾರೂ ಅವನಿಗೆ ಕಲಿಸಿರಲಿಲ್ಲ.

ಬೆಳಗ್ಗೆ ಬಂದ ಇಬ್ಬರು ಗಿರಾಕಿಗಳೂ ಅವನ ಕೈತಪ್ಪಿದರು. ಮೊದಲನೆಯವನು ಬಿಸಿಲಿಗೆ ಒಳಬಂದವನು, ಫ್ಯಾನಿನ ಕೆಳಗೆ ಕೂತು ಬೆವರೊರೆಸಿಕೊಂಡು ಹೋದ. ಎರಡನೆಯವನನ್ನು ಇವನು ಕೇಳಬೇಕಾದ್ದನ್ನೆಲ್ಲ ಕೇಳಿ, ಕೊನೆಗೆ ಬಾಯಿ ಮುಚ್ಚಿ ಎಣಿಸುತ್ತ ಕೂತ. ಆತನೂ ಎಲ್ಲೋ ಮಾರಾಟದ ಕೆಲಸ ಮಾಡಿ ನಿವೃತ್ತನಾದವನೋ ಏನೋ, ನಗುತ್ತ ಸುಮ್ಮನೆ ಕೂತ. ಹದಿನಾಲ್ಕಕ್ಕೆ ಇವನ ಧೈರ್ಯ ಕಳಚಿ, 'ಇಲ್ಲ, ಅವಸರವೇನಿಲ್ಲ, ಯೋಚಿಸಿ ನೋಡಿ' ಎಂದುಬಿಟ್ಟ. ಆತ ಯೋಚಿಸಲು ಎದ್ದು ಹೋದ. ಗಾಜಿನ ಗೋಡೆಯಾಚೆ ನಿಂತಿದ್ದ ಮಿಸ್ ಕಣ್ಣು ಮುಚ್ಚಿಕೊಂಡಳು. ಊಟದ ಡಬ್ಬ ಬಿಚ್ಚಿದರೆ ಅನ್ನ ಇಳಿಯಲಿಲ್ಲ. ಸೋತದ್ದಕ್ಕಲ್ಲ, ದಣಿವಿಗೆ. ತನ್ನದಲ್ಲದ ಮುಖವನ್ನು ದಿನವಿಡೀ ಹೊತ್ತು ನಿಂತಿರುವುದು ಬೆನ್ನಿಗಿಂತ ಹೆಚ್ಚಾಗಿ ದವಡೆಗೆ ನೋವು ಕೊಡುತ್ತದೆ ಎಂದು ಅವನು ಈ ಹದಿನೈದು ದಿನದಲ್ಲಿ ಕಂಡುಕೊಂಡಿದ್ದ.

ಮೂರೂವರೆಗೆ ಇಬ್ಬರು ಹೆಂಗಸರು ಬಂದರು. ಅಕ್ಕ ತಂಗಿ ಎಂದು ಮೂಗು ನೋಡಿದರೇ ತಿಳಿಯುತ್ತಿತ್ತು. ಅಕ್ಕ ಎತ್ತರ, ಎಪ್ಪತ್ತೈದು ಇರಬಹುದು, ಬೆರಳ ತುದಿಯಲ್ಲಿ ಸೂಜಿಯ ಗಂಟುಗಳು. ಜೀವಮಾನವೆಲ್ಲ ಬಟ್ಟೆ ಹೊಲಿದವಳು. ತಂಗಿ ಗಿಡ್ಡ. ಮಾತು ಅವಳಿಗಿಂತ ಎರಡು ಹೆಜ್ಜೆ ಮುಂದೆ ಒಳಗೆ ಬಂತು.

'ಡಾಕ್ಟರು ಚೀಟಿ ಬರೆದಿದಾರಪ್ಪ. ಮೊನ್ನೆ ರಸ್ತೆ ದಾಟ್ತಿದ್ಲು, ಹಿಂದಿನಿಂದ ವ್ಯಾನು ಅಷ್ಟು ಬಡ್ಕೊಂಡ್ರೂ ಮಹಾರಾಣಿ ಥರ ನಡೀತಾ ಹೋದ್ಲು. ಡ್ರೈವರ್ ಇಳಿದು ಬಂದು ಬೈದ. ಅದೂ ಕೇಳಿಸ್ಲಿಲ್ಲ, ನಗ್ತಾ ಕೈಮುಗಿದ್ಲು.'

'ಏನಂತೆ?' ಎಂದಳು ಅಕ್ಕ, ತಂಗಿಯ ತುಟಿ ನೋಡುತ್ತ.

'ನಿನ್ನ ಹೊಗಳ್ತಿದೀನಿ!' ಎಂದು ತಂಗಿ ಕೂಗಿದಳು.

'ಹೊಗಳೋಕೆ ಇಷ್ಟು ಹೊತ್ತು ಬೇಡ' ಎಂದು ಅಕ್ಕ ಕುರ್ಚಿಯಲ್ಲಿ ಕೂತಳು.

ಅವನು ಹೊಸ ಯಂತ್ರ ತೆಗೆದ. ಕಂಪ್ಯೂಟರಿಗೆ ಜೋಡಿಸಿ ಅವಳ ಕಿವಿಗೆ ತಕ್ಕಂತೆ ಹದ ಮಾಡುವ ಹೊತ್ತಿನಲ್ಲಿ ಅವನ ಬೆರಳುಗಳಿಗೆ ಹಳೆಯ ನೆಮ್ಮದಿ ಮರಳಿತು. ಮಿಸ್ ಹೇಳಿದ್ದೆಲ್ಲ ಮರೆತುಹೋಯಿತು. ಇಪ್ಪತ್ತೇಳು ವರ್ಷದಿಂದ ಯಂತ್ರದ ಪಕ್ಕದಲ್ಲಿ ಅದರ ಡಬ್ಬಿಯಿಟ್ಟುಕೊಂಡೇ ಕೂತವನ ಕೈ, ತನ್ನಷ್ಟಕ್ಕೆ ತಾನೇ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಿತು. ಅದು ಅವನ ಗಮನಕ್ಕೇ ಬರಲಿಲ್ಲ. ಬಾಗಿ, ಅವಳ ನರೆತ ಕೂದಲನ್ನು ಬೆರಳಿನಿಂದ ಸರಿಸಿ, ಯಂತ್ರವನ್ನು ಕಿವಿಯ ಹಿಂದೆ ಕೂರಿಸಿದ. ಅಕ್ಕ ತಟ್ಟನೆ ತಲೆಯೆತ್ತಿದಳು. 'ಯಾರೋ ಏನೋ ಹುರೀತಿದಾರೆ' ಎಂದಳು. ಅವನು ಬೆರಳೆತ್ತಿ ಫ್ಯಾನು ತೋರಿಸಿದ. ಅವಳು ಬಹಳ ಹೊತ್ತು ಫ್ಯಾನನ್ನೇ ನೋಡಿದಳು.

ಇನ್ನು ದನಿ. 'ನೀವು ಸ್ವಲ್ಪ ಕುರ್ಚಿ ಹಿಂದೆ ಬನ್ನಿ ಅಮ್ಮ' ಎಂದು ತಂಗಿಯನ್ನು ಕರೆದ. 'ಅವರಿಗೆ ನಿಮ್ಮ ಮುಖ ಕಾಣ್ಬಾರದು. ಹಿಂದಿನಿಂದ ಏನಾದರೂ ಒಂದು ಮಾತಾಡಿ.'

ತಂಗಿಯ ಮುಖ ಸಣ್ಣದಾಯಿತು. ಕುರ್ಚಿಯ ಹಿಂದೆ ಬಂದಳು, ಆದರೆ ಕುರ್ಚಿಯ ಕಡೆ ತಿರುಗಲಿಲ್ಲ. ಅವನ ತೋಳು ಹಿಡಿದು ಎಳೆದು, ದನಿ ತಗ್ಗಿಸಿದಳು. ಆ ತಗ್ಗಿಸುವ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಗುಟ್ಟಿನ ದನಿಯಲ್ಲ, ಕೇಳಿಸದವರ ಬೆನ್ನ ಹಿಂದೆ ಇಟ್ಟುಕೊಳ್ಳುವ ನಿತ್ಯದ ದನಿ.

'ಅಪ್ಪಾ, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡ. ಇದು ಇವಳಿಗೆ ಆಗಿಬರಲ್ಲ ಅಂತ ಹೇಳಿಬಿಡು. ನಿನಗೆ ಪುಣ್ಯ ಬರುತ್ತೆ.'

'ಯಾಕಮ್ಮ?'

'ಇವಳಿಗೆ ಕಿವಿ ಬಂದ್ರೆ ನನ್ನ ಬಾಯಿ ಹೋಯ್ತು. ಹನ್ನೊಂದು ವರ್ಷದಿಂದ ನಾವಿಬ್ಬರೇ. ಸಂಜೆ ಪಾತ್ರೆ ತೊಳೆಯೋವಾಗ ಇವಳು ಹಿಂದೆ ಕೂತು ಗುಂಡಿ ಹೊಲೀತಿರ್ತಾಳೆ. ಆಗ ಬೈಕೋತೀನಿ. ಇವಳನ್ನ ನೋಡ್ಕೊಂಡು ನನ್ನ ಬಾಳು ಸವೆದು ಹೋಯ್ತು ಅಂತೀನಿ. ಆವತ್ತು ಆ ಸಂಬಂಧ ಬೇಡ ಅಂದಿದ್ದು ಇವಳೇ, ಇಲ್ಲಾಂದ್ರೆ ನಂಗೂ ಒಂದು ಮನೆ ಇರ್ತಿತ್ತು ಅಂತೀನಿ. ಎಲ್ಲಾ ಹೇಳಿ, ಕೈ ಒರೆಸ್ಕೊಂಡು, ಇವಳಿಗೆ ಊಟ ಬಡಿಸ್ತೀನಿ. ಅದಿಲ್ಲದಿದ್ರೆ ನಾನು ಹೇಗಿರಲಿ ಹೇಳು?'

ಯಂತ್ರ ಚಾಲೂ ಇತ್ತು. ಹದ ಮಾಡಿದವನು ಅವನೇ. ಮೂರು ಗಜದ ಪಿಸುಮಾತನ್ನೂ ಅದು ಹಿಡಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತಂಗಿಯ ಮೊದಲ ಮಾತಿಗೇ ತಡೆಯಬಹುದಿತ್ತು. ಕೈಯೆತ್ತಿದರೆ ಸಾಕಿತ್ತು. ಎತ್ತಲಿಲ್ಲ. ಅವನ ಕಣ್ಣು ಕುರ್ಚಿಯ ಬೆನ್ನಿನ ಮೇಲೆ ಎದ್ದಿದ್ದ ನರೆತ ತುರುಬಿನಲ್ಲಿ ನೆಟ್ಟಿತ್ತು. ಅದು ಅಲುಗಾಡಲಿಲ್ಲ. ಈ ಜಾಗ ಅವನಿಗೆ ಗೊತ್ತು. ಇಲ್ಲಿ ಅವನು ನಿಂತಿದ್ದಾನೆ, ಕೈಯಲ್ಲಿ ಒದ್ದೆ ಟವಲು ಹಿಡಿದು. ತುರುಬಿನ ಮುಂದೆ ಇರುವ ಮುಖ ಹೇಗಿರುತ್ತದೆಂದು ಹಿಂದೆ ನಿಂತವರಿಗೆ ಎಂದೂ ಕಾಣುವುದಿಲ್ಲ. ಒಂದು, ಎರಡು, ಮೂರು. ಯಾರು ಎಣಿಸುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ತಂಗಿ ಅವನ ಮುಖ ನೋಡಿದಳು, ಅವನ ನೋಟ ಹೋದ ಕಡೆ ನೋಡಿದಳು, ಕೂದಲ ನಡುವೆ ಮಿನುಗುತ್ತಿದ್ದ ಸಣ್ಣ ತಂತಿಯನ್ನು ಕಂಡಳು. ಅವಳ ಕೈ ಬಾಯಿಯ ಮೇಲೆ ಹೋಯಿತು.

ಕುರ್ಚಿಯಿಂದ ಸೂಜಿಗಂಟಿನ ಕೈಯೊಂದು ಮುಂದೆ ಚಾಚಿ ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡಿತು. ಆಗ ಅವನಿಗೆ ಡಬ್ಬಿ ಕಾಣಿಸಿತು. ಗಾಜಿನಾಚೆ ಮಿಸ್ ಎರಡು ಕೈಗಳಿಂದಲೂ ಸನ್ನೆ ಮಾಡುತ್ತಿದ್ದಳು, ಒಳಗಿಡಿ, ಒಳಗಿಡಿ. ಅಕ್ಕ ಮುಚ್ಚಳ ತೆರೆದಳು, ಮುಚ್ಚಿದಳು. ಟಿಕ್. ಮತ್ತೆ ತೆರೆದಳು. ಟಿಕ್. ಹದಿನೆಂಟು, ಹತ್ತೊಂಬತ್ತು.

'ಪಾತ್ರೆ ತೊಳೆಯೋಕೆ ನಿನಗೆ ಎಷ್ಟು ಹೊತ್ತು ಬೇಕು?' ಎಂದಳು ಅಕ್ಕ, ತಿರುಗದೆ.

ತಂಗಿ ಕುರ್ಚಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

'ಅರ್ಧ ಗಂಟೆ ಸಾಕಾ? ಮುಕ್ಕಾಲು ಬೇಕಾ?' ಎಂದು ಅಕ್ಕ ಮತ್ತೆ ಕೇಳಿದಳು. ಆಮೇಲೆ ಅವನಿಗೆ, 'ಅಪ್ಪಾ, ಇದನ್ನ ತೆಗೆದು ಇದರೊಳಗೆ ಇಟ್ರೆ ನಂಗೆ ಮೊದಲಿನ ಹಾಗೇ ಏನೂ ಕೇಳ್ಸಲ್ಲ ತಾನೆ? ನಿಜ ಹೇಳು.'

ಈ ಪ್ರಶ್ನೆಗೆ ಹೇಳಬೇಕಾದ ಉತ್ತರವನ್ನು ಅವನು ಬರೆದುಕೊಂಡಿದ್ದ. ದಿನವಿಡೀ ಹಾಕ್ಕೊಂಡಿರೋದೇ ಒಳ್ಳೇದು, ತೆಗೆಯೋ ಯೋಚನೆನೇ ಬರಲ್ಲ ನೋಡಿ. ಅವನು ಕುರ್ಚಿಯ ಹಿಂದಿನಿಂದ ಮುಂದಕ್ಕೆ ಬಂದ. ಬಂದು ಅವಳ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಕಣ್ಣ ಸುತ್ತ ನೀರಿತ್ತು, ಆದರೆ ತುಟಿ, ಒಗ್ಗದ ಬಟ್ಟೆಗೆ ಅಳತೆ ಹುಡುಕುವವಳ ತುಟಿಯಂತೆ ಯೋಚಿಸುತ್ತಿತ್ತು.

'ಏನೂ ಕೇಳ್ಸಲ್ಲಮ್ಮ' ಎಂದ.

'ಹಾಗಾದ್ರೆ ಸರಿ.' ಅವಳು ಈಗ ತಿರುಗಿ ತಂಗಿಯನ್ನು ನೋಡಿದಳು. 'ನೀನು ಪಾತ್ರೆಗೆ ಕೈ ಹಾಕಿದಾಗ ನಾನಿದನ್ನ ತೆಗೆದು ಡಬ್ಬೀಲಿ ಇಡ್ತೀನಿ. ಮುಚ್ಚಳದ ಸದ್ದು ನಿನಗೆ ಕೇಳ್ಸುತ್ತೆ. ಅದು ಕೇಳಿದ ಮೇಲೆ ನಿನ್ನದು ನೀನು ಶುರು ಮಾಡ್ಕೋ. ನನಗಾಗಿ ನಿಲ್ಲಿಸಬೇಡ.'

'ಅಕ್ಕಾ...'

'ಆ ಸಂಬಂಧ ಬೇಡ ಅಂದಿದ್ದು ನಾನೇ. ಅದನ್ನ ಇನ್ನೊಂದು ದಿನ ನನ್ನ ಮುಂದೆ ಬಂದು ಕೇಳು, ಯಾಕೆ ಅಂತ ಹೇಳ್ತೀನಿ. ಈಗ ಅಳಬೇಡ, ಈ ಯಂತ್ರದಲ್ಲಿ ನಿನ್ನ ಮೂಗು ಸೇದೋದು ಗುಡುಗಿನ ಹಾಗೆ ಕೇಳ್ತಿದೆ.'

ತಂಗಿ ಅಳುತ್ತಲೇ ನಕ್ಕಳು. 'ಅನುಮತಿ ಕೊಟ್ಟ ಮೇಲೆ ಬೈಯೋದ್ರಲ್ಲಿ ಏನು ರುಚಿಯೇ ನಿನ್ನ...' ಎಂದಳು.

ಅವನ ಕಿವಿಯಲ್ಲಿ ಅಕ್ಕನ ಮಾತು ಉಳಿದಿತ್ತು. ಮುಚ್ಚಳದ ಸದ್ದು ನಿನಗೆ ಕೇಳಿಸುತ್ತೆ. ಎರಡು ವರ್ಷ, ಪ್ರತಿ ಸಂಜೆ, ಚಿಲಕ ತೆಗೆದ ಕೂಡಲೇ. ಚಿಲಕದ ಸದ್ದು ಕೇಳಿ ತೆಗೆದಿಡಬೇಕೆಂದರೆ ಅಮ್ಮ ಕಿವಿಯಲ್ಲಿ ಯಂತ್ರ ಹಾಕಿಕೊಂಡು ಅವನಿಗಾಗಿ ಕಾದಿರಬೇಕು. ಹಗಲೆಲ್ಲ ಹಕ್ಕಿ ಕೇಳಿದವಳು ಸಂಜೆ ಮಗ ಬಂದನೆಂದು ತಿಳಿದು ಕಿವಿ ಮುಚ್ಚಿಕೊಂಡಳು. ಬಾ, ಹೇಳಿಕೋ, ನನಗೆ ಕೇಳಿಸುವುದಿಲ್ಲ. ಹಾಗೇ ಇದ್ದಿರಬಹುದು. ಇರದೆಯೂ ಇದ್ದಿರಬಹುದು. ಅದನ್ನು ಹೇಳಬೇಕಾದವಳು ಈಗ ಇಲ್ಲ. ಆದರೆ ಇದ್ದಿದ್ದೇ ಆದರೆ, ಅವಳು ಏಳುನೂರು ಸಂಜೆ ಬಾಗಿಲು ತೆರೆದಿಟ್ಟಳು, ಅವನು ಏಳುನೂರು ಸಂಜೆ ಹೊರಗೇ ನಿಂತ. ಅವನು ಮೇಜಿನ ಅಂಚು ಹಿಡಿದ.

'ಹುಷಾರಿಲ್ವೇನಪ್ಪ?' ಎಂದಳು ಅಕ್ಕ.

'ಇಲ್ಲಮ್ಮ, ಏನಿಲ್ಲ. ಹಾಕ್ಕೊಂಡೇ ಮನೆಗೆ ಹೋಗ್ತೀರಾ?'

'ಮತ್ತೆ? ವ್ಯಾನು ಬಂದ್ರೆ?'

ಹಾಕಿಕೊಳ್ಳುವುದನ್ನು ಒಂದು ಸಲ ತೋರಿಸಿಕೊಟ್ಟ. ತೆಗೆಯುವುದನ್ನು, ಡಬ್ಬಿಯೊಳಗೆ ಮಲಗಿಸುವುದನ್ನು, ಮುಚ್ಚಳ ಒತ್ತುವುದನ್ನು ಐದು ಸಲ ಮಾಡಿಸಿದ. 'ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಿ' ಎಂದ. 'ಹಿಂದೆ ನಿಂತವರಿಗೆ ಚೆನ್ನಾಗಿ ಕೇಳಬೇಕು.'

ಅವರು ಹೋದ ಮೇಲೆ ಮಿಸ್ ಬಂದಳು. 'ಆಯ್ತಲ್ಲ ಸರ್, ಕೊನೆಗೂ! ಆದ್ರೆ ಡಬ್ಬಿ ಯಾಕೆ ಮೇಜಿನ ಮೇಲಿತ್ತು? ಅಷ್ಟು ಸಲ ಹೇಳಿದೀನಿ.'

'ಮರೆತೆ.'

'ನಾಳೆ ಮರೀಬೇಡಿ' ಎಂದು ಹೋದಳು. ನಾಳೆ ಎಂಬ ಮಾತು ಅವನ ಕೈಗೆ ಬಂದುಬಿದ್ದಿತ್ತು. ಸಂತೋಷವಾಗಬೇಕಿತ್ತು. ದಣಿವು ಮಾತ್ರ ಇತ್ತು, ಬಹಳ ದೂರದಿಂದ ನಡೆದು ಬಂದವನ ದಣಿವು.

ಮನೆಯ ಚಿಲಕ ತೆಗೆದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಒಳಗೆ ಹೆಂಡತಿ ನೀರು ಬಿಟ್ಟುಕೊಂಡು ಏನೋ ತೊಳೆಯುತ್ತಿದ್ದಳು. ಅವನು ಕುರ್ಚಿಯ ಹಿಂದೆ ನಿಂತು ಅಂಗಿಯ ಗುಂಡಿಗೆ ಕೈಹಾಕಿದ. ಕಪಾಟಿನಲ್ಲಿ ಅಮ್ಮನ ಡಬ್ಬಿ ಇದ್ದಲ್ಲೇ ಇತ್ತು. ತೆಗೆದುಕೊಂಡ. ಮುಚ್ಚಳ ತೆರೆದು, ಒಳಗಿದ್ದುದನ್ನು ನೋಡದೆ, ಒತ್ತಿದ. ಟಿಕ್ ಎಂದಿತು. ಬೆತ್ತದ ಕುರ್ಚಿಯ ಖಾಲಿ ಬೆನ್ನಿನ ಮೇಲೆ ಕೈಯಿಟ್ಟ. ಈ ಸಲ ಎಣಿಸಲಿಲ್ಲ.

'ಇವತ್ತು ಒಂದು ಮಾರಿದೆ ಕಣಮ್ಮ' ಎಂದ. 'ಸೊಂಟ ಬಹಳ ನೋಯ್ತಿದೆ. ಆವತ್ತು ನಾನು...'

ಒಳಗೆ ನಲ್ಲಿ ನಿಂತಿತು. 'ಯಾರ ಹತ್ರ ಮಾತಾಡ್ತಿದೀರಿ?' ಎಂದಳು ಹೆಂಡತಿ.

ಯಾರ ಹತ್ರನೂ ಇಲ್ಲ ಎಂದು ಅವನು ಹೇಳಲಿಲ್ಲ. ನಿಲ್ಲಿಸಿದ ಮಾತನ್ನು ಮುಂದುವರಿಸಿದ.